ಬೆಳೆಸಿದ ಕರುಳಿನಲ್ಲಿ ಅತಿಸಾರದ ವಿಚಾರ

ಶಿಶುಗಳ ಅತಿಸಾರಕ್ಕೆ ಪ್ರಬಲ ಕಾರಣವಾದ ರೋಟಾವೈರಸ್ಸನ್ನು 1973ರಲ್ಲಿ ಮೆಲ್ಬರ್ನಿನ ರುತ್ ಬಿಷಪ್ ಮತ್ತು ಅವರ ಸಂಗಡಿಗರು ಗುರುತಿಸಿದರು. ಈ ವಿಷಯಕ್ಕೂ ಕನ್ನಡನಾಡಿಗೂ ನಿಕಟ ಸಂಬಂಧವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಮತ್ತು ಅವರ ಸಹೋದ್ಯೋಗಿಗಳು ಆ ನಗರದ ನವಜಾತ ಶಿಶುಗಳಲ್ಲಿ ಐ 321 ಎಂಬ ತಳಿಯನ್ನು ಕಂಡರು. ಅದು ಶಿಶುಗಳ ಕರುಳಿನಲ್ಲಿ ನೆಲಸಿದ್ದರೂ ಭೇದಿಯನ್ನುಂಟುಮಾಡಿರಲಿಲ್ಲ. ಅದರ ಹೊರಕವಚದ ಎರಡು ಪ್ರೋಟೀನುಗಳೂ ದನಗಳ ರೋಟಾವೈರಸ್ಸಿನವನ್ನು ಬಹುಮಟ್ಟಿಗೆ ಹೋಲುವುವೆಂದು 1993ರಲ್ಲಿ ಪ್ರಕಟವಾಯಿತು. ಇದೇ ಜಾತಿಯ ತಳಿ ವೆಲ್ಲೂರಿನಲ್ಲಿ ಮಾತ್ರ ಶಿಶುಗಳಿಗೆ ರೋಗವನ್ನು ತಂದಿತು. ಸಂಕೇಶ್ವರದ ಸೀಮೆಯಂತೆ ಕೊಟ್ಟಿಗೆಯೂ ತೊಟ್ಟಿಲೂ ಸಮೀಪದಲ್ಲಿಯೇ ಇರುವ ಕಡೆಗಳಲ್ಲಿ ಈ ಸಮಸ್ಯೆ ಕೇವಲ ಪಂಡಿತರ ಕುತೂಹಲಕ್ಕೆ ಸೇರಿದುದಲ್ಲ.

ಇಂತಹ ಪ್ರಶ್ನೆಗಳ ಪರೀಕ್ಷೆ ಎಲ್ಲಿ ನಡೆಯಬೇಕು? ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ ರೋಟಾವೈರಸ್ಸು ಬೆಳೆಯುವುದಾದರೂ ಅದು ಮನುಷ್ಯನ ಕರುಳಲ್ಲ. ಕರುಳಿನ ಒಳಪೊರೆಯ ಕುಳಿಗಳಲ್ಲಿ ಮೂಲಕೋಶಗಳಿರುವುವು. 2009ರಲ್ಲಿ ಸಾಟೊ, ಕ್ಲೆವರ್ಸ್ ಮೊದಲಾದವರು ಇಲಿಯ ಇಂತಹ ಕೋಶಗಳನ್ನು ಲೋಳೆಯಂತಹ ಆಧಾರದಲ್ಲಿಟ್ಟು, ಬೆಳವಣಿಗೆಯ ದ್ರವ್ಯಗಳನ್ನೂಡಿ, ಕಿರುಗರುಳನ್ನು ಬೆಳೆಸಿದರು; 2011ರಲ್ಲಿ ಮನುಷ್ಯನ ಅಂಗಾಂಶಕ್ಕೂ ಈ ವಿಧಾನವು ಒದಗಿತು. ಈ ಪುಟ್ಟ ಗೋಳದಲ್ಲಿ ಆಹಾರವನ್ನು ಹೀರುವ ಕೋಶ, ಲೋಳೆಯನ್ನು ಸ್ರವಿಸುವ ಕೋಶ ಮುಂತಾದವು ಮೂಡುವುವು. ಕರುಳಿನ ಒಳಮೈ ಗೋಳದೊಳಗೇ ಅಡಗಿರುವುದರಿಂದ, ವೈರಸ್ಸನ್ನು ಹಾಕುವ ಮೊದಲು ಕೋಶಗಳನ್ನು ಒಂದೇ ಪದರವಾಗಿ ಹರಡುವುದುಂಟು.

ಇದರ ಫಲವೇನು? ನಾಲ್ಕು ದಶಕಗಳಿಗೂ ಮೀರಿ ಪ್ರಯೋಗಶಾಲೆಯಲ್ಲಿ ಸರಿಯಾಗಿ ಬೆಳೆಯದಿದ್ದ ಮನುಷ್ಯರ ನೋರೋವೈರಸ್ಸನ್ನು 2016ರಲ್ಲಿ ಹ್ಯೂಸ್ಟನ್ನಿನ ಮೇರಿ ಎಸ್ಟಿಸ್ ಅವರ ಬಳಗವು ಈ ಪದರದಲ್ಲಿ ಬೆಳೆಸಿತು. ಕೆಲವು ತಳಿಗಳಿಗೆ ಪಿತ್ತರಸವೂ ಬೇಕಾಯಿತು. ಎಫ್‌ಯುಟಿ2 ಎಂಬ ಜೀನು ಕೆಟ್ಟಿರುವವರ ಕೋಶಗಳಿಗೆ ಕೆಲವು ತಳಿಗಳು ಸೋಂಕುವುದಿಲ್ಲ. 2020ರಲ್ಲಿ ಆ ಜೀನನ್ನು ಸೇರಿಸಿದಾಗ ಸೋಂಕು ತಗಲಿತು; ತೆಗೆದಾಗ ತಗಲಲಿಲ್ಲ. ನಮ್ಮ ತಾರ್ಕಿಕರು ಅನ್ವಯ-ವ್ಯತಿರೇಕವೆಂದು ಕರೆಯುವ ನಿರ್ಣಯವು ಇಲ್ಲಿ ಕಣ್ಣಿಗೆ ಕಾಣುವಂತಾಯಿತು.

ಆದರೆ ಈ ಕರುಳಿನಲ್ಲಿ ರಕ್ತನಾಳಗಳಿಲ್ಲ, ನರಗಳಿಲ್ಲ, ತಾಯಿಯ ಹಾಲಿಲ್ಲ, ಸಹವಾಸಿ ಸೂಕ್ಷ್ಮಜೀವಿಗಳೂ ಸಹಜವಾಗಿಲ್ಲ. ಅದರಿಂದ ದೊರೆತ ಉತ್ತರವನ್ನು ಶಿಶುವಿನಲ್ಲಿಯೇ ಒರೆಹಚ್ಚಿ ನೋಡಬೇಕು. ಐ 321 ತಳಿಯನ್ನೂ ದೆಹಲಿಯ 116ಇ ತಳಿಯನ್ನೂ ಲಸಿಕೆಗಾಗಿ ಪರೀಕ್ಷಿಸಿದಾಗ ಎರಡನೆಯದೇ ಹೆಚ್ಚು ಪ್ರತಿರೋಧವನ್ನುಂಟುಮಾಡಿತು. ಅದರಿಂದಾದ ಲಸಿಕೆಯು 2016ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಸೇರಿತು. ಬೆಂಗಳೂರಿನ ತಳಿಯು ಲಸಿಕೆಯಾಗದಿದ್ದರೂ, ಕರುಳಿಗೆ ಬಂದ ವೈರಸ್ಸೆಲ್ಲ ರೋಗವನ್ನು ತರಲೇಬೇಕೆಂದಿಲ್ಲವೆಂಬ ಪಾಠವನ್ನು ಉಳಿಸಿದೆ. ಅದರ ಕಾರಣವನ್ನು ಬಿಡಿಸಿ ನೋಡಲು ಬೆಳೆಸಿದ ಕರುಳು ಒಂದು ಯೋಗ್ಯ ಸಾಧನವೆಂಬುದರಲ್ಲಿ ಸಂದೇಹವಿಲ್ಲ.