ಪದವಿ ವಿಜ್ಞಾನ ಹಾಗೂ ಇಂಜಿನಿಯರಿಂಗ್ ವ್ಯಾಸಂಗ: ವಿಕಲಚೇತನ ವಿದ್ಯಾರ್ಥಿಗಳಿಗೆ ದೊರೆಯುವ ಸೌಲಭ್ಯಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ವಿದ್ಯಾರ್ಥಿಗಳು ಹಾಗೂ ಪೋಷಕರ ಗಮನಕ್ಕೆ ತರುವುದೇನೆಂದರೆ, ಪ್ರಯೋಗಾಲಯದ ಕೆಲಸ ತಮ್ಮಿಂದಾಗದೆಂಬ ಅಂಜಿಕೆಯಿಂದ ವಿಕಲಚೇತನ ವಿದ್ಯಾರ್ಥಿಗಳು ವಿಜ್ಞಾನ ವಿಷಯವನ್ನು ಕೈಬಿಡಬೇಕಾದ ಅಗತ್ಯವಿರುವುದಿಲ್ಲ.

ಕಾನೂನಿನ ಆಧಾರ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-4-2017 ರಿಂದ ಜಾರಿಯಲ್ಲಿದ್ದು, 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಪ್ರಕರಣ 16 ರನ್ವಯ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ವಿದ್ಯಾಸಂಸ್ಥೆಗಳು ತಾರತಮ್ಯವಿಲ್ಲದೆ ಪ್ರವೇಶ ನೀಡಿ, ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸತಕ್ಕದ್ದು. ಪ್ರಕರಣ 32 ರನ್ವಯ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 40 ಹಾಗೂ ಅದಕ್ಕೂ ಹೆಚ್ಚಿನ ನ್ಯೂನತೆಯುಳ್ಳವರಿಗೆ ಕನಿಷ್ಠ ಶೇಕಡ 5 ಸ್ಥಾನಗಳನ್ನು ಕಾಯ್ದಿರಿಸಲಾಗಿದ್ದು, ಗರಿಷ್ಠ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ ಇರುತ್ತದೆ.

ತರಗತಿ ಹಾಗೂ ಪ್ರಯೋಗಾಲಯದಲ್ಲಿ ಕೋರಬಹುದಾದ ಅನುಕೂಲಗಳು

1. ದೃಷ್ಟಿದೋಷವುಳ್ಳವರಿಗೆ: ಹಲಗೆಯ ಮೇಲಿನ ಸಮೀಕರಣವನ್ನು ಓದಿ ಹೇಳುವುದು, ದೊಡ್ಡಕ್ಷರದ ಟಿಪ್ಪಣಿ, ಮುಟ್ಟಿ ತಿಳಿಯುವ ರೇಖಾಚಿತ್ರ.
2. ಶ್ರವಣದೋಷವುಳ್ಳವರಿಗೆ: ತರಗತಿಗೆ ಮುಖಮಾಡಿ ಬೋಧಿಸುವುದು, ಪ್ರಯೋಗದ ಹಂತಗಳನ್ನು ಬರಹದಲ್ಲಿ ನೀಡುವುದು.
3. ಚಲನವೈಕಲ್ಯವುಳ್ಳವರಿಗೆ: ನೆಲಮಹಡಿಯಲ್ಲಿ ತರಗತಿ, ಗಾಲಿಕುರ್ಚಿಗೆ ಎಟಕುವ ಎತ್ತರದ ಮೇಜು.

ಇದರಿಂದ ವ್ಯಾಸಂಗದ ಮಟ್ಟ ಕುಗ್ಗುವುದಿಲ್ಲ. ಉಪಕರಣದ ಅಳತೆಯನ್ನು ಸಹಪಾಠಿ ಓದಿ ಹೇಳಿದರೂ, ಲೆಕ್ಕ ಮಾಡಿ ಫಲಿತಾಂಶವನ್ನು ವಿವರಿಸಬೇಕಾದವರು ವಿದ್ಯಾರ್ಥಿಯೇ ಆಗಿರುತ್ತಾರೆ.

ಲಿಪಿಕಾರರ ಸೌಲಭ್ಯ

ಶೇಕಡ 40 ಕ್ಕಿಂತ ಕಡಿಮೆ ನ್ಯೂನತೆಯುಳ್ಳವರಿಗೆ ಪರೀಕ್ಷೆಯಲ್ಲಿ ಲಿಪಿಕಾರರು ದೊರೆಯುವುದಿಲ್ಲವೆಂಬ ತಿಳಿವಳಿಕೆ ಸರಿಯಲ್ಲ. ವಿಕಾಸ್ ಕುಮಾರ್ ಪ್ರಕರಣದಲ್ಲಿ ಮಾನ್ಯ ಸರ್ವೋಚ್ಚ ನ್ಯಾಯಾಲಯವು ದಿನಾಂಕ 11-2-2021 ರಂದು, ಈ ಸೌಲಭ್ಯವನ್ನು ಸದರಿ ಪ್ರಮಾಣದವರಿಗಷ್ಟೇ ಸೀಮಿತಗೊಳಿಸುವಂತಿಲ್ಲವೆಂದು ತೀರ್ಪಿತ್ತಿದೆ. ಬರೆಯಲು ತೊಂದರೆಯಿರುವ ಬಗ್ಗೆ ಸರ್ಕಾರಿ ವೈದ್ಯಕೀಯ ಪ್ರಮಾಣಪತ್ರ ಪಡೆದಿರುವುದು ಅವಶ್ಯ.

ಅರ್ಜಿ ಸಲ್ಲಿಸುವ ವಿಧಾನ

1. ಸ್ವಾವಲಂಬನ್ ಜಾಲತಾಣದಲ್ಲಿ ವಿಶಿಷ್ಟ ಗುರುತಿನ ಚೀಟಿಗೆ (ಯು.ಡಿ.ಐ.ಡಿ.) ಅರ್ಜಿ ಸಲ್ಲಿಸಿ, ವೈದ್ಯಕೀಯ ತಪಾಸಣೆಗೆ ಹಾಜರಾಗುವುದು.
2. ಬೇಕಾದ ಅನುಕೂಲಗಳನ್ನು ನಮೂದಿಸಿ ಪ್ರಾಂಶುಪಾಲರಿಗೆ ಲಿಖಿತ ಮನವಿ ನೀಡಿ, ಸ್ವೀಕೃತಿ ಪಡೆಯುವುದು.
3. ಲಿಪಿಕಾರರು ಹಾಗೂ ಹೆಚ್ಚುವರಿ ಸಮಯಕ್ಕಾಗಿ ಪ್ರಾಂಶುಪಾಲರ ಮೂಲಕ ಕಾಲೇಜು ಸಂಯೋಜನೆಗೊಂಡಿರುವ ದಾವಣಗೆರೆ ವಿಶ್ವವಿದ್ಯಾನಿಲಯ ಅಥವಾ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವನ್ನು ಕೋರುವುದು.
4. ಅನುಕೂಲ ನಿರಾಕರಿಸಿದಲ್ಲಿ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಸಲ್ಲಿಸಬಹುದು.

ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಪರೀಕ್ಷೆಯ ಮುನ್ನಾದಿನ ಸಲ್ಲಿಸುವ ಅರ್ಜಿಯಿಂದ ಪ್ರಯೋಜನವಾಗದಿರಬಹುದಾದ್ದರಿಂದ, ಪ್ರವೇಶ ಪಡೆದ ಕೂಡಲೇ ಮನವಿ ಸಲ್ಲಿಸಲು ಕೋರಲಾಗಿದೆ.