ಅಂಗಳದ ಅಂಬಾಸಿಡರ್: ಉಳಿಸುವುದೋ, ಬಿಡುವುದೋ?

ಚಿಂತಾಮಣಿಯಲ್ಲಾಗಲಿ, ಶಿಡ್ಲಘಟ್ಟದಲ್ಲಾಗಲಿ, ಅಂಗಳದಲ್ಲಿ ನಿಂತ ಹಳೆಯ ಅಂಬಾಸಿಡರ್ ಮನೆಯವರಿಗೆ ಬರೀ ಕಬ್ಬಿಣವಲ್ಲ. ಮದುವೆ, ಹೆರಿಗೆಗಳ ನೆನಪು. ಉತ್ತರಪಾರಾ ಕಾರ್ಖಾನೆಯಲ್ಲಿ ಇದರ ತಯಾರಿಕೆ ನಿಂತದ್ದು 2014ರಲ್ಲಿ. ಇದ್ದದ್ದನ್ನು ದುರಸ್ತಿ ಮಾಡಿಸುವುದೋ, ಮಾರ್ಪಡಿಸುವುದೋ, ಗುಜರಿಗೆ ಹಾಕುವುದೋ?

ಮೊದಲು ನೋಡಬೇಕಾದ್ದು ಎಂಜಿನ್ನಲ್ಲ, ಕಾರಿನ ತಳ. ಇದಕ್ಕೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ; ಭಾರ ಹೊರುವುದು ಬಾಡಿಯೇ. ನೀರು, ಗಾಳಿ ತಗುಲಿ ಹಿಡಿದ ತುಕ್ಕು, ಮೇಲೆ ಬಣ್ಣ ಬಳಿದರೂ ಒಳಗೊಳಗೇ ತಿನ್ನುತ್ತದೆ. ಎಂಜಿನ್ ಬದಲಿಸಬಹುದು, ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು. ತಿಂದುಹೋದ ತಳಕ್ಕೆ ತೇಪೆ ಸಾಲದು.

2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಕಾರಿಗೆ ‘ವಿಂಟೇಜ್’ ನೋಂದಣಿ ಸಿಗುತ್ತದೆ. ಅದು ದಿನದ ಓಡಾಟಕ್ಕಲ್ಲ.

ತಳ ಗಟ್ಟಿಯಿದ್ದರೆ ಉಳಿಸಬಹುದು. ಇಲ್ಲವಾದರೆ, ಎಷ್ಟೇ ಪ್ರೀತಿಯಿದ್ದರೂ, ಮಕ್ಕಳನ್ನು ಕೂರಿಸಿಕೊಂಡು ನಂದಿಬೆಟ್ಟ ಹತ್ತಿಸಬಾರದು.