ಹದಿಮೂರು ಡಿಗ್ರಿಯ ತಾರಸಿ

ಎದುರು ಮನೆಯ ಹುಡುಗ ಹುಟ್ಟುಹಬ್ಬಕ್ಕೆ ಬಂದ ಟೆಲಿಸ್ಕೋಪನ್ನು ಹೊತ್ತುಕೊಂಡು ಬಸವೇಶ್ವರನಗರದ ನಮ್ಮ ತಾರಸಿಗೆ ಬಂದ. ಮೊದಲು ತೋರಿಸಿದ್ದು ಡಬ್ಬದ ಮೇಲಿನ ಸಂಖ್ಯೆ. ‘ಅಂಕಲ್, 525 ಪಟ್ಟು!’ ಶನಿಯನ್ನು ಹಿಡಿಯಲು ಅರ್ಧ ಗಂಟೆ ಹೋಯಿತು. ಸಿಕ್ಕಿದ್ದು ನಡುಗುವ ಒಂದು ಮಸುಕು ಬೊಟ್ಟು. ಫೋಕಸ್ ಸರಿಮಾಡಲು ಬೆರಳು ತಾಕಿಸಿದರೆ ಸಾಕು, ಅದೂ ಮಾಯ.

525 ಅನ್ನುವುದು ಪೂರ್ತಿ ಸುಳ್ಳಲ್ಲ. ಲೆಕ್ಕ ಸುಲಭ: ಕೊಳವೆಯ ನಾಭಿದೂರವನ್ನು ಕಣ್ಣಿಡುವ ಐಪೀಸಿನ ನಾಭಿದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಬರುತ್ತದೆ. ಅವನ ಕೊಳವೆ 700 ಮಿಲಿಮೀಟರಿನದು, ಚಿಕ್ಕ ಐಪೀಸು 4 ಮಿಲಿಮೀಟರಿನದು. 175 ಆಯಿತು. ಜೊತೆಗೆ ಕೊಟ್ಟಿದ್ದ ಮೂರು ಪಟ್ಟಿನ ಬಾರ್ಲೋ ಮಸೂರ ಸೇರಿಸಿ, 525. ಆದರೆ ಮುಂದಿನ ಗಾಜಿನ ಅಗಲ ಬರೀ 60 ಮಿಲಿಮೀಟರು. ಒಂದು ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಹವ್ಯಾಸಿಗಳ ಹಳೆಯ ಲೆಕ್ಕ; 120 ದಾಟಿದರೆ ಮಸುಕು ದೊಡ್ಡದಾಗುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ. ಒಂದು ಲೋಟ ಹಾಲಿಗೆ ಒಂದು ಬಿಂದಿಗೆ ನೀರು ಬೆರೆಸಿದ ಹಾಗೆ. ಡಬ್ಬದ ಮೇಲೆ ಓದಬೇಕಾದ್ದು ಗಾಜಿನ ಅಥವಾ ಕನ್ನಡಿಯ ಅಗಲವನ್ನು ಮಾತ್ರ. 8 ಇಂಚಿನ ಕನ್ನಡಿ, ಕತ್ತಲಲ್ಲಿ ಪೂರ್ತಿ ಅರಳಿದ ಕಣ್ಣಿನ ಪಾಪೆಗಿಂತ ಸುಮಾರು 800 ಪಟ್ಟು ಬೆಳಕು ಹಿಡಿಯುತ್ತದೆ.

ಅಗಲದ ನಂತರ ಕಾಲು. ಟೆಲಿಸ್ಕೋಪಿನಲ್ಲಿ ನಕ್ಷತ್ರದಷ್ಟೇ ನಿಮ್ಮ ಕೈಯ ನಡುಕವೂ ದೊಡ್ಡದಾಗುತ್ತದೆ. ತೆಳು ಅಲ್ಯೂಮಿನಿಯಂ ಮುಕ್ಕಾಲಿಯ ಮೇಲೆ ಎಂಥ ಗಾಜಿದ್ದರೂ ದಂಡ.

ಇಲ್ಲೊಂದು ತೊಡಕಿದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 120 ಪಟ್ಟಿನಲ್ಲಿ ನೋಡುತ್ತಿದ್ದರೆ ಗ್ರಹ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಎರಡು ನಿಮಿಷವೂ ಬೇಡ. ಅದನ್ನು ಒಂದೇ ತಿರುಪು ತಿರುಗಿಸಿ ಹಿಂಬಾಲಿಸಲು ಇಕ್ವಟೋರಿಯಲ್ ಮೌಂಟ್ ಎಂಬ ಓರೆ ಅಚ್ಚಿನ ಪೀಠ ಮಾಡಿದ್ದಾರೆ. ಅದರ ಅಚ್ಚು ಧ್ರುವ ನಕ್ಷತ್ರದ ಕಡೆ ನೆಟ್ಟಿರಬೇಕು. ಯೂರೋಪಿನವರಿಗೆ ಧ್ರುವ ಆಕಾಶದ ಅರ್ಧಕ್ಕಿರುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಧ್ರುವವೂ ದಿಗಂತದಿಂದ ಅಷ್ಟೇ ಮೇಲೆ, ಚಾಚಿದ ಕೈಯ ಮುಷ್ಟಿಗಿಂತ ತುಸು ಹೆಚ್ಚು. 40 ಅಡಿ ರಸ್ತೆಯ ಆಚೆ, ಉತ್ತರದ ಮನೆ ನಿಮ್ಮ ಕಣ್ಣಿಗಿಂತ ಒಂದೇ ಒಂದು ಮಹಡಿ ಎತ್ತರವಿದ್ದರೆ ಮುಗಿಯಿತು, ಧ್ರುವ ಗೋಡೆಯ ಹಿಂದೆ. ನಮ್ಮ ಬಡಾವಣೆಯಲ್ಲಿ ಒಂದು ಮಹಡಿ ಏರಿಸದ ಮನೆ ಯಾವುದಿದೆ? ಅಗ್ಗದ ಎಷ್ಟೋ ಮೌಂಟುಗಳು ಅಷ್ಟು ಕೆಳಕ್ಕೆ ಬಗ್ಗುವುದೂ ಇಲ್ಲ; ಬಗ್ಗಿದರೂ ತೂಕದ ಗುಂಡು ಮುಕ್ಕಾಲಿಯ ಕಾಲಿಗೆ ಬಡಿಯುತ್ತದೆ. ದಕ್ಷಿಣದ ಎರಡು ಕಾಲಿನ ಕೆಳಗೆ ಇಟ್ಟಿಗೆ ಇಟ್ಟು ನಾನು ಒಂದು ಚಳಿಗಾಲ ಕಳೆದಿದ್ದೇನೆ.

ಈಗ ಕೇಳಿದವರಿಗೆಲ್ಲ ಡಾಬ್ಸೋನಿಯನ್ ಅನ್ನುತ್ತೇನೆ. ಜಾನ್ ಡಾಬ್ಸನ್ 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಮಠ ಸೇರಿದವನು. ಹಡಗಿನ ಕಿಟಕಿಯ ಗಾಜನ್ನು ಕದ್ದುಮುಚ್ಚಿ ಉಜ್ಜಿ ಕನ್ನಡಿ ಮಾಡುತ್ತಿದ್ದ. ಟೆಲಿಸ್ಕೋಪಿನ ಹುಚ್ಚು ಹೆಚ್ಚಾಗಿ 1967ರಲ್ಲಿ ಮಠ ಬಿಡಬೇಕಾಯಿತು. ಕೈಯಲ್ಲಿ ಕಾಸಿಲ್ಲದ ಸಂನ್ಯಾಸಿಯ ವಿನ್ಯಾಸ ಇನ್ನು ಹೇಗಿರುತ್ತದೆ: ರಟ್ಟಿನ ಕೊಳವೆ, ಪ್ಲೈವುಡ್ ಪೆಟ್ಟಿಗೆ, ಜಾರಲು ಟೆಫ್ಲಾನ್ ಚೂರು. ಫಿರಂಗಿಯಂತೆ ಮೇಲೆ ಕೆಳಗೆ, ಅತ್ತ ಇತ್ತ ತಳ್ಳಿದರಾಯಿತು. ಅಕ್ಷಾಂಶದ ಗೊಡವೆ ಇಲ್ಲ. ನೆತ್ತಿಯ ಹತ್ತಿರ ಮಾತ್ರ ಇದು ಮೊಂಡಾಟ ಮಾಡುತ್ತದೆ, ಮಹಾವ್ಯಾಧನಂಥ ನಕ್ಷತ್ರಪುಂಜ ನಮಗೆ ನೆತ್ತಿಗೇ ಬರುತ್ತದೆ. ಒಂದು ಗಂಟೆ ಕಾಯಿರಿ, 15 ಡಿಗ್ರಿ ಇಳಿದಿರುತ್ತದೆ.

8 ಇಂಚಿನದು ಪೀಠ ಸಮೇತ ಸುಮಾರು 20 ಕೆ.ಜಿ. ಹಾಗಾಗಿ ದುಡ್ಡು ಎಣಿಸುವ ಮೊದಲು ಮೆಟ್ಟಿಲು ಎಣಿಸಿ. ಹಳೆಯ ಮನೆಗಳಲ್ಲಿ ತಾರಸಿಗೆ ಸುರುಳಿ ಕಬ್ಬಿಣದ ಏಣಿ ಇರುತ್ತದೆ. ಅಲ್ಲಿ 5 ಅಥವಾ 6 ಇಂಚಿನದೇ ಒಳ್ಳೆಯದು. ಕೆಳಗೇ ಉಳಿದ ದೊಡ್ಡ ಟೆಲಿಸ್ಕೋಪಿನಲ್ಲಿ ಏನೂ ಕಾಣುವುದಿಲ್ಲ. ಅದೂ ಬೇಡವೆಂದರೆ 10x50 ಬೈನಾಕ್ಯುಲರ್. ಕೊಳ್ಳುವ ಮುಂಚೆ ಬೇರೆಯವರ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡಿ. 1989ರಿಂದ ಇರುವ ನಮ್ಮ ಜವಾಹರಲಾಲ್ ನೆಹರು ತಾರಾಲಯದ ಸುತ್ತ ಬೆಳೆದ ಹವ್ಯಾಸಿಗಳು ತೋರಿಸಲು ಬೇಸರಪಡುವವರಲ್ಲ.

ಉಪಕರಣಗಳಿಗೆ ಬಂದರೆ, 25 ಮತ್ತು 10 ಮಿಲಿಮೀಟರಿನ ಪ್ಲೋಸೆಲ್ ಐಪೀಸು, ಗುರಿ ಹಿಡಿಯಲು ಒಂದು ಕೆಂಪು ಚುಕ್ಕೆಯ ಫೈಂಡರು, ಕನ್ನಡಿ ನೇರಮಾಡುವ ಕಾಲಿಮೇಷನ್ ಮುಚ್ಚಳ. ಮೊದಲ ವರ್ಷಕ್ಕೆ ಇಷ್ಟು ಸಾಕು. ಫೈಂಡರನ್ನು ಹಗಲಲ್ಲೇ ದೂರದ ಮೊಬೈಲ್ ಟವರಿಗೆ ಹೊಂದಿಸಿಕೊಳ್ಳಿ. ಯಾರದೋ ಕಿಟಕಿಗೆ ಬೇಡ. ಟೆಲಿಸ್ಕೋಪಿನ ಮಾಲೀಕನ ಬಗ್ಗೆ ಬೀದಿಗೆ ಮೊದಲೇ ಅನುಮಾನ.

ಬೆಳಕಿನ ಕಾಟಕ್ಕೆ ಫಿಲ್ಟರ್ ಮಾರುತ್ತಾರೆ. ಹಳದಿ ಸೋಡಿಯಂ ದೀಪಗಳ ಕಾಲದಲ್ಲಿ ಅವು ಕೆಲಸಕ್ಕೆ ಬರುತ್ತಿದ್ದವು, ಆ ದೀಪದ ಬೆಳಕು ಕೆಲವೇ ಬಣ್ಣಗಳಲ್ಲಿ ಇರುತ್ತಿತ್ತು. ಬಿಳಿ ಎಲ್‌ಇಡಿ ಎಲ್ಲ ಬಣ್ಣವನ್ನೂ ಚೆಲ್ಲುತ್ತದೆ, ಯಾವುದನ್ನೆಂದು ಸೋಸುವುದು? ಆ ದುಡ್ಡಿನಲ್ಲಿ ಮಾಗಡಿ ರಸ್ತೆ ಹಿಡಿದು ಊರಾಚೆ ಹೋಗಿ ಬರಬಹುದು. ಹಳೆಯ ಟೆಲಿಸ್ಕೋಪುಗಳ ಜೊತೆ ಐಪೀಸಿಗೆ ತಿರುಚಿ ಹಾಕುವ ‘ಸನ್’ ಗಾಜು ಬಂದಿದ್ದರೆ ಒಡೆದು ಎಸೆಯಿರಿ. ಕೂಡಿ ಬಂದ ಬಿಸಿಲಿಗೆ ಅದು ಕಣ್ಣಿನ ಮುಂದೆಯೇ ಸೀಳಬಹುದು. ಸೂರ್ಯನ ಫಿಲ್ಟರ್ ಇರಬೇಕಾದ್ದು ಕೊಳವೆಯ ಮುಂಬಾಯಿಗೆ, ಗಾಳಿಗೆ ಹಾರದ ಹಾಗೆ ಬಿಗಿಯಾಗಿ.

ಇನ್ನು ತಾರಸಿ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಎಂಟಕ್ಕೂ ಕಾವು ಬಿಡುತ್ತಿರುತ್ತದೆ, ಚಂದ್ರನ ಅಂಚು ಗಂಜಿ ಕುದ್ದಂತೆ ಕುದಿಯುತ್ತದೆ. ಗಾಜನ್ನು ಬೈಯಬೇಡಿ. ಕೊಳವೆಯನ್ನು ಮುಕ್ಕಾಲು ಗಂಟೆ ಮೊದಲೇ ಮೇಲಿಡಿ, ಹತ್ತರ ನಂತರ ನೋಡಿ. ಮಳೆಗಾಲದ ಶತ್ರು ಬೂಷ್ಟು. ಐಪೀಸುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬದಲ್ಲಿಡಿ. ಕನ್ನಡಿಗೆ ಧೂಳು ಕೂತರೆ ಅಂಗಿಯ ಚುಂಗಿನಲ್ಲಿ ಒರೆಸಬೇಡಿ, ಇರಲಿ ಬಿಡಿ. ವರ್ಷಗಳಿಗೊಮ್ಮೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸುರಿದು ತೊಳೆದರಾಯಿತು.

ಧ್ರುವ ಕೆಳಗಿಳಿದ 13 ಡಿಗ್ರಿಗೆ ದಕ್ಷಿಣದಲ್ಲಿ ಬಡ್ಡಿ ಸಿಗುತ್ತದೆ. ಲಂಡನ್ನಿನಲ್ಲಿ ದಿಗಂತವನ್ನೇ ದಾಟದ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಮೇ ತಿಂಗಳ ರಾತ್ರಿ ಹತ್ತಕ್ಕೆ ನಮಗೆ ದಕ್ಷಿಣದಲ್ಲಿ 29 ಡಿಗ್ರಿ ಮೇಲಿರುತ್ತದೆ, ನೀರಿನ ಟ್ಯಾಂಕು ಅಡ್ಡ ಬಾರದಿದ್ದರೆ.

ಹುಡುಗನ ಟೆಲಿಸ್ಕೋಪಿಗೆ ಮಾಡಿದ್ದು ಇಷ್ಟೇ. ಮುಕ್ಕಾಲಿಯ ಕಾಲುಗಳನ್ನು ಪೂರ್ತಿ ಒಳಕ್ಕೆ ತಳ್ಳಿ ಗಿಡ್ಡ ಮಾಡಿದೆವು, ನಡುವೆ 5 ಲೀಟರ್ ನೀರಿನ ಕ್ಯಾನು ನೇತುಹಾಕಿದೆವು, 20 ಮಿಲಿಮೀಟರಿನ ಐಪೀಸು ಹಾಕಿದೆವು. 35 ಪಟ್ಟು. ಚಾಪೆಯ ಮೇಲೆ ಮೊಣಕಾಲೂರಿ ಕೂತವನಿಗೆ ಚಂದ್ರನ ಕುಳಿಗಳ ನೆರಳು ಒಂದೊಂದೂ ಕಂಡಿತು. ಎದುರಿನ ತಾರಸಿಯಿಂದ ಅಮ್ಮ ಮೂರು ಸಲ ಊಟಕ್ಕೆ ಕರೆದರು. ಮೂರು ಪಟ್ಟಿನ ಬಾರ್ಲೋ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲೇ ಇದೆ. ಅವನು ಕೇಳಿಕೊಂಡು ಬಂದಿಲ್ಲ.